ಕೂಳೆ ಕಬ್ಬಿನ ಹೊಲ ಬನ್ನೂರು ಕುರಿಯ ಹುಲ್ಲುಗಾವಲಾಗಬೇಕಾದರೆ

ಮಂಡ್ಯ, ಮಳವಳ್ಳಿ, ತಿ. ನರಸೀಪುರದ ಕಡೆ ಎರಡು ಮೂರು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಕಳೆದ ಕಬ್ಬಿನ ಹೊಲವನ್ನು ಹುಲ್ಲುಗಾವಲು ಮಾಡಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ಯಾವ ಹುಲ್ಲು ಹಾಕೋದು? ಕುರಿಯ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು ಹುಳು. ಹುಲ್ಲು ಸೊಂಪಾಗಿ ಬಂದು, ಕುರಿ ದವಡೆ ಕೆಳಗೆ ನೀರು ತುಂಬಿಕೊಂಡು, ಕಣ್ಣು ಬಿಳಿಚಿಕೊಂಡು ಸಾಯುವ ಹೊಲಗಳೇ ಜಾಸ್ತಿ. ಆದ್ದರಿಂದ ತಾಕು, ಅಂದರೆ ಸರದಿಯಂತೆ ಮೇಯಿಸಲು ಹೊಲವನ್ನು ಒಡೆದ ತುಂಡು, ಎಷ್ಟು, ಒಂದೊಂದರಲ್ಲಿ ಎಷ್ಟು ದಿನ, ಎಷ್ಟು ಎತ್ತರಕ್ಕೆ ಮೇಯಿಸುವುದು, ಬೆಳಿಗ್ಗೆ ಎಷ್ಟು ಗಂಟೆಗೆ ಬಿಡುವುದು ಎಂಬುದನ್ನೆಲ್ಲ ಹುಳುವಿನ ಬದುಕು ನೋಡಿಕೊಂಡೇ ಗೊತ್ತುಮಾಡಬೇಕು.

ಆ ಹುಳುವಿನ ಹೆಸರು ಹೀಮಾಂಕಸ್. ಕುರಿಯ ಜಠರಕ್ಕೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಮೊಟ್ಟೆ ಹಿಕ್ಕೆಯ ಜತೆ ನೆಲಕ್ಕೆ ಬೀಳುತ್ತದೆ. ನಮ್ಮ ಸೆಕೆ, ನೀರಾವರಿಯ ತೇವ ಎರಡೂ ಇದ್ದರೆ ನಾಲ್ಕರಿಂದ ಏಳು ದಿನದಲ್ಲಿ ಮೊಟ್ಟೆಯೊಡೆದ ಮರಿಹುಳು ಕುರಿಗೆ ಅಂಟುವ ಹಂತಕ್ಕೆ ಬಂದು ಒದ್ದೆ ಗರಿಯ ಮೇಲೆ ಹತ್ತಿ ಕೂರುತ್ತದೆ. ಹತ್ತಿದರೂ ಬಹುಪಾಲು ಬುಡದಿಂದ ನಾಲ್ಕು ಬೆರಳೊಳಗೇ ಇರುತ್ತದೆ. ತಿನ್ನಲು ಕುರಿ ಬಾರದೇ ಹೋದರೆ, ಬಿಸಿ ಹವೆಯಲ್ಲಿ ಬೇಗ ಬೇಗ ಓಡಾಡಿ ಮೈಯಲ್ಲಿದ್ದ ಕಸುವನ್ನೆಲ್ಲ ಮುಗಿಸಿಕೊಂಡು ನಾಲ್ಕೈದು ವಾರದಲ್ಲಿ ಬಹಳಷ್ಟು ಸತ್ತುಹೋಗುತ್ತವೆ. ಚಳಿ ದೇಶಗಳಲ್ಲಿ ಇದೇ ಹುಳು ತಿಂಗಳುಗಟ್ಟಲೆ ಬದುಕುವುದರಿಂದ ಅಲ್ಲಿನವರ ಸರದಿ ಪಟ್ಟಿ ನಮಗೆ ಹೊಂದುವುದಿಲ್ಲ.

ಅಲ್ಲಿಗೆ ಲೆಕ್ಕ ಇಷ್ಟು: ಒಂದು ತಾಕಿನಲ್ಲಿ ಮೂರು ದಿನ, ನಾಲ್ಕನೆಯ ದಿನ ಬೆಳಿಗ್ಗೆ ಅಲ್ಲಿ ಒಂದು ಕುರಿಯೂ ಇರಬಾರದು. ಮತ್ತೆ ಅದೇ ತಾಕಿಗೆ ಕಾಲಿಡುವುದು 33 ದಿನ ಬಿಟ್ಟು. ಮೂರು ದಿನದಂತೆ 12 ತಾಕಾದರೆ ಸುತ್ತು 36 ದಿನಕ್ಕೆ ಮುಗಿಯುತ್ತದೆ. ನೀರಾವರಿ ಹುಲ್ಲು ಮತ್ತೆ ಮೇಯುವಷ್ಟು ಚಿಗುರಲು ಬೇಕಾದ ಕಾಲವೂ ಹೆಚ್ಚುಕಮ್ಮಿ ಅಷ್ಟೇ, ಅದು ನಮ್ಮ ಅದೃಷ್ಟ. ನಾಲ್ಕೇ ತಾಕು ಮಾಡಿ ಹತ್ತು ಹತ್ತು ದಿನ ಮೇಯಿಸಿದರೆ ಸರದಿಯೆಂಬುದು ಹೆಸರಿಗಷ್ಟೇ. ಹುಳುವಿಗೆ ಅದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಇಲ್ಲ.

ಎಷ್ಟು ನೆಲಕ್ಕೆ ಎಷ್ಟು ಕುರಿ

ಬನ್ನೂರು ಕುರಿ, ಅಂದರೆ ಸರ್ಕಾರಿ ದಾಖಲೆಯ ಮಂಡ್ಯ ತಳಿ, ಗಿಡ್ಡ ಕಾಲಿನ, ಅಗಲ ಬೆನ್ನಿನ ಪ್ರಾಣಿ. ಹೆಣ್ಣು ಕುರಿ ಸುಮಾರು 25 ಕೆಜಿ ತೂಗುತ್ತದೆ. ಮರಿಗೆ ಹಾಲೂಡುವ ಕಾಲವನ್ನೂ ಸೇರಿಸಿ ಸರಾಸರಿ ಹಿಡಿದರೆ ಒಂದಕ್ಕೆ ದಿನಕ್ಕೆ 1.1 ಕೆಜಿ ಒಣ ಮೇವು ಬೇಕು. ಇಲ್ಲಿ ಒಣ ಮೇವು ಎಂದರೆ ಹುಲ್ಲಿನ ನೀರನ್ನು ಕಳೆದು ಉಳಿಯುವ ತೂಕ. ಹಸಿಯಾಗಿ ಅದು ಐದು ಕೆಜಿ ಆಗುತ್ತದೆ. 30 ಕುರಿಗೆ ದಿನಕ್ಕೆ 33 ಕೆಜಿ ಒಣ ಮೇವು, ಮೂರು ದಿನಕ್ಕೆ 99 ಕೆಜಿ.

ಇನ್ನು ನೆಲದ ಕಡೆ. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಉದ್ದಗಲದ ಚೌಕ ಮಾಡಿಕೊಳ್ಳಿ. ತಾಕಿನ ಐದು ಕಡೆ ಕಣ್ಣು ಮುಚ್ಚಿ ಎಸೆದು, ಚೌಕದೊಳಗಿನ ಹುಲ್ಲನ್ನು 10 ಸೆಂ.ಮೀ. ಬುಡ ಉಳಿಸಿ ಕುಡುಗೋಲಿನಲ್ಲಿ ಕೊಯ್ದು ತೂಗಿ. ಚೆನ್ನಾಗಿ ಕೂತ ನೀರಾವರಿ ಹುಲ್ಲಿನಲ್ಲಿ ಒಂದು ಚೌಕಕ್ಕೆ 800 ಗ್ರಾಂ ಹಸಿ ಮೇವು ಬಂದರೆ ಒಣ ತೂಕ ಸುಮಾರು 180 ಗ್ರಾಂ. ಇದರಲ್ಲಿ ಕುರಿಯ ಬಾಯಿಗೆ ಹೋಗುವುದು ನೂರಕ್ಕೆ 60 ಭಾಗ ಮಾತ್ರ. ಮಿಕ್ಕಿದ್ದು ತುಳಿತಕ್ಕೆ, ಹಿಕ್ಕೆಗೆ, ಉಳಿಸಲೇಬೇಕಾದ ಗರಿಗೆ. ಅಂದರೆ ಚದರ ಮೀಟರಿಗೆ 108 ಗ್ರಾಂ. ಒಂದು ಗುಂಟೆ 101 ಚದರ ಮೀಟರ್. 99 ಕೆಜಿ ಮೇವಿಗೆ ಒಂದು ತಾಕು 9 ಗುಂಟೆ ಇರಬೇಕು, ಹನ್ನೆರಡು ತಾಕಿಗೆ 108 ಗುಂಟೆ. ಮೂರು ಎಕರೆಯಲ್ಲಿ ಇದು ಕೂತು, ಓಣಿಗೂ ಕೊಟ್ಟಿಗೆಗೂ 12 ಗುಂಟೆ ಉಳಿಯುತ್ತದೆ.

ಎಕರೆಗೆ ಹತ್ತು ಕುರಿ ಎಂದಾಗ ಬಹಳ ಜನಕ್ಕೆ ಬೇಸರವಾಗುತ್ತದೆ. ಎಕರೆಗೆ ಐವತ್ತು ಎಂದು ಹೇಳುವ ವಿಡಿಯೊಗಳು ನೇಪಿಯರ್ ಹುಲ್ಲು ಕತ್ತರಿಸಿ ಕೊಟ್ಟಿಗೆಯಲ್ಲಿ ಹಾಕುವ ಲೆಕ್ಕ ಹೇಳುತ್ತಿರುತ್ತವೆ, ಮೇಯಿಸುವ ಲೆಕ್ಕವನ್ನಲ್ಲ. ಮಳೆಯಾಶ್ರಿತ ಕೆಬ್ಬೆ (ಕೆಂಪು ಮಣ್ಣಿನ) ಹೊಲವಾದರೆ ಈ ಹತ್ತನ್ನೂ ಮೂರಕ್ಕೆ ಇಳಿಸಿಕೊಳ್ಳಬೇಕು.

ಕಬ್ಬಿನ ಬುಡ ಕೀಳುವುದು

ಕಬ್ಬು ಕಡಿದ ಮೇಲೆ ನೇರ ರೋಟವೇಟರ್ ಹೊಡೆಸುವುದು ಎಲ್ಲರಿಗೂ ಸುಲಭ. ಆದರೆ ಜೀವಂತ ಕೂಳೆಗೆ ರೋಟವೇಟರ್ ಹೊಡೆದರೆ ಕಣ್ಣಿರುವ ತುಂಡುಗಳು ಹೊಲದ ತುಂಬ ಹರಡಿ, ಒಂದು ಬುಡ ಇದ್ದ ಕಡೆ ನಾಲ್ಕು ಕಡೆ ಮೊಳೆಯುತ್ತದೆ. ಸರಿಯಾದ ಕ್ರಮ ಹೀಗೆ. ಮಾರ್ಚ್ ಕೊನೆಯೊಳಗೆ ಕಟಾವು ಮುಗಿಸಿ. ತರಗಿಗೆ ಬೆಂಕಿ ಹಾಕಬೇಡಿ. ಒಂದು ಕಡೆ ಒಟ್ಟಿಡಿ, ಮುಂದೆ ಕೊಟ್ಟಿಗೆಯ ಹಾಸಿಗೆಗೆ ಬೇಕಾಗುತ್ತದೆ. ಏಪ್ರಿಲ್‌ನ ಮೊದಲ ಹದ ಮಳೆಗೆ, ಮಳೆ ಬರದಿದ್ದರೆ ಒಂದು ತೆಳು ನೀರು ಕೊಟ್ಟು, ಮಣ್ಣು ಮಗುಚುವ ಎಂ.ಬಿ. ನೇಗಿಲಿನಲ್ಲಿ ಆಳ ಉಳುಮೆ ಮಾಡಿಸಿ ಬುಡವನ್ನು ಬೇರು ಮೇಲಾಗಿ ಮಗುಚಿ. ಹದಿನೈದು ದಿನ ಬಿಸಿಲಿಗೆ ಬಿಡಿ. ಬೇರಿನ ಮಣ್ಣು ಒಣಗಿ ಉದುರಿದ ಮೇಲೆ ಕಲ್ಟಿವೇಟರ್ ಅಡ್ಡ ಉದ್ದ ಹೊಡೆದು ಬುಡಗಳನ್ನು ಆರಿಸಿ ಬದುವಿಗೆ ಹಾಕಿ. ರೋಟವೇಟರ್‌ಗೆ ಅವಕಾಶ ಇದೆಲ್ಲ ಆದ ಮೇಲೆ. ಬೇಸಿಗೆಯ ಈ ಉಳುಮೆಯಿಂದ ಇನ್ನೆರಡು ಲಾಭ: ಜೇಕು ಕಳೆಯ ಗೆಡ್ಡೆ ಒಣಗುತ್ತದೆ, ಗೊಣ್ಣೆ ಹುಳು ಮೇಲೆ ಬಂದು ಕಾಗೆ ಕೊಕ್ಕರೆಗಳ ಪಾಲಾಗುತ್ತದೆ. ಗೊಣ್ಣೆ ಹುಳು ಉಳಿದರೆ ಹೊಸ ಹುಲ್ಲಿನ ಬೇರನ್ನೇ ಕಡಿಯುತ್ತದೆ. ಹುಲ್ಲು ಅಲ್ಲಲ್ಲಿ ತಟ್ಟೆಯಗಲ ಒಣಗಿ, ಕೈಯಲ್ಲಿ ಎಳೆದರೆ ಚಾಪೆಯಂತೆ ಎದ್ದು ಬಂದರೆ ಅದೇ ಕಾರಣ.

ಸಾಲು ಬೋದುಗಳನ್ನು ಪೂರ್ತಿ ಮಟ್ಟ ಮಾಡಿಸಿ. ತುಂಬಿದ ಬಸುರಿನ ಕುರಿ ಸಾಲಿನಲ್ಲಿ ಬೆನ್ನು ಕೆಳಗಾಗಿ ಬಿದ್ದರೆ ತಾನಾಗಿ ಏಳುವುದಿಲ್ಲ, ಹೊಟ್ಟೆಯುಬ್ಬರಿಸಿ ಸಾಯುತ್ತದೆ. ಸಾಲಿನಲ್ಲಿ ನಿಂತ ನೀರು ಗೊರಸು ಕೊಳೆಯಲೂ ಕಾರಣ.

ಕಬ್ಬಿಗೆ ಹೊಡೆದ ಕಳೆನಾಶಕ ಮಣ್ಣಲ್ಲಿ ಉಳಿದಿದೆಯೇ ಎಂದು ನೋಡದೆ ಬೀಜಕ್ಕೆ ದುಡ್ಡು ಹಾಕಬೇಡಿ. ಅಟ್ರಾಜಿನ್ ಇದ್ದರೆ ಹುಲ್ಲು ಹೇಗೋ ತಡೆದುಕೊಂಡೀತು, ದ್ವಿದಳ ಮೇವು ಮೊಳೆತು ಸಾಯುತ್ತದೆ. ಪರೀಕ್ಷೆಗೆ ಪ್ರಯೋಗಾಲಯ ಬೇಡ. ಹೊಲದ ಐದು ಕಡೆಯಿಂದ ಮೇಲಿನ ಅರ್ಧ ಅಡಿಯೊಳಗಿನ ಮಣ್ಣು ತಂದು ಒಂದು ಕುಂಡ ತುಂಬಿ, ಕಳೆನಾಶಕ ತಾಕದ ಜಾಗದ ಮಣ್ಣಲ್ಲಿ ಇನ್ನೊಂದು. ಎರಡಕ್ಕೂ ಹತ್ತು ಹತ್ತು ಸೌತೆ ಬೀಜ ಹಾಕಿ ಮೂರು ವಾರ ನೀರು ಹಾಕಿ. ಹೊಲದ ಕುಂಡದಲ್ಲಿ ಎರಡನೇ ಎಲೆಯ ಹೊತ್ತಿಗೆ ಅಂಚು ಹಳದಿಯಾಗಿ ಸುಟ್ಟಂತಾದರೆ ಇನ್ನೂ ಕಾಯಬೇಕು. ಕಾಯುವ ಹೊತ್ತಿಗೆ ಒಂದು ಬೆಳೆ ಮುಸುಕಿನ ಜೋಳ ಬೆಳೆದುಕೊಳ್ಳಿ, ಅದಕ್ಕೆ ಅಟ್ರಾಜಿನ್ ಏನೂ ಮಾಡುವುದಿಲ್ಲ. ಕುಂಡ ಎರಡೂ ಒಂದೇ ಥರ ಬಂದರೆ ಮೇ ತಿಂಗಳಲ್ಲಿ ಅಲಸಂದೆ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ವರ್ಷಗಟ್ಟಲೆ ಕಬ್ಬೊಂದನ್ನೇ ಕಂಡ ನೆಲಕ್ಕೆ ಇದು ಒಳ್ಳೆಯ ಬದಲಾವಣೆ.

ಮಣ್ಣು ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ, ಮೈಸೂರಿನವರಿಗೆ ಸುತ್ತೂರಿನದು ಹತ್ತಿರ. ನಾಲೆ ಬಯಲಿನ ತಗ್ಗು ಹೊಲಗಳಲ್ಲಿ ಬೇಸಿಗೆಗೆ ಬಿಳಿ ಉಪ್ಪು ಕಾಣುತ್ತಿದ್ದರೆ ಚೌಳಿನ ಪ್ರಮಾಣ ತಿಳಿದುಕೊಂಡು, ಅವರು ಹೇಳಿದಷ್ಟು ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು ನೀರು ಹಾಯಿಸಿ ತೊಳೆಯಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ.

ಹುಲ್ಲು

ನಮ್ಮ ಸಲಹೆ ಬಹುಪಾಲು ತಾಕುಗಳಿಗೆ ರೋಡ್ಸ್ ಹುಲ್ಲು ಮತ್ತು ಸ್ಟೈಲೊ ಎಂಬ ದ್ವಿದಳ ಮೇವು, ತೆಂಗಿನ ನೆರಳಿರುವ ಕಡೆಗೆ ಗಿನಿ ಹುಲ್ಲು. ರೋಡ್ಸ್ ತುಳಿತ ತಡೆಯುತ್ತದೆ, ಬಳ್ಳಿಯಂತೆ ಹಬ್ಬಿ ನೆಲ ಮುಚ್ಚುತ್ತದೆ, ಚೌಳನ್ನು ಸಹಿಸುತ್ತದೆ, ಒಣಹುಲ್ಲು ಮಾಡಿದರೂ ಚೆನ್ನ. ಗಿನಿ ಇಳುವರಿಯಲ್ಲಿ ಮುಂದು, ಆದರೆ ಒಂದು ವಾರ ತಡವಾದರೂ ಕಾಂಡ ಬಲಿತು, ಗಿಡ್ಡ ಬನ್ನೂರು ಕುರಿ ಸುತ್ತಲ ಗರಿ ಕಿತ್ತುಕೊಂಡು ನಡುವಿನ ಕಡ್ಡಿ ಬಿಡುತ್ತದೆ. ನೀರು ಹತ್ತದ ಏರು ಮೂಲೆಯಿದ್ದರೆ ಅಲ್ಲಿಗೆ ಅಂಜನ ಹುಲ್ಲು. ಗರಿಕೆ ತಾನಾಗಿ ಬಂದೇ ಬರುತ್ತದೆ, ಬರಲಿ.

ಸಿಗ್ನಲ್ ಹುಲ್ಲು ಬೇಡ. ದನಕ್ಕೆ ಒಳ್ಳೆಯದೆಂದು ಇದನ್ನು ಕೊಡುವವರಿದ್ದಾರೆ. ಕುರಿಗೆ, ಅದರಲ್ಲೂ ಮರಿಗೆ, ಅದರಲ್ಲಿರುವ ಸ್ಯಾಪೋನಿನ್ ಎಂಬ ಅಂಶ ಯಕೃತ್ತನ್ನು ಕೆಡಿಸುತ್ತದೆ. ಬಿಸಿಲು ಬಿದ್ದರೆ ಕಿವಿ, ಮುಖ ಊದಿ ಚರ್ಮ ಸುಲಿಯುತ್ತದೆ. ಬೇಲಿಯಂಚಿನ ಲಾಂಟಾನ ಮಾಡುವ ಕೆಡುಕೂ ಇದೇ ಬಗೆಯದು, ಬೇರುಸಹಿತ ಕಿತ್ತುಬಿಡಿ. ಎಳೆ ಜೋಳದ ಕುಡಿಯಲ್ಲಿ ಸಯನೈಡ್ ವಿಷವಿರುವುದು ಊರಿನ ಎಲ್ಲರಿಗೂ ಗೊತ್ತು, ಆದರೂ ಪಕ್ಕದ ಹೊಲದ ಕೂಳೆ ಜೋಳಕ್ಕೆ ಮಂದೆ ನುಗ್ಗಿ ಅರ್ಧ ಗಂಟೆಯಲ್ಲಿ ಉರುಳುವುದು ನಿಂತಿಲ್ಲ.

ಬಿತ್ತನೆಗೆ ಜುಲೈ ಕೊನೆಯಿಂದ ಆಗಸ್ಟ್ ಸರಿಯಾದ ಕಾಲ. ಇಲ್ಲಿನ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅಷ್ಟರಲ್ಲಿ ಬೇರು ಕಚ್ಚಿಕೊಂಡಿರಬೇಕು. ಎಕರೆಗೆ ಐದು ಟನ್ ಕೊಟ್ಟಿಗೆ ಗೊಬ್ಬರ, 100 ಕೆಜಿ ಸೂಪರ್ ಫಾಸ್ಫೇಟ್ ಹಾಕಿ ಕೊನೆಯ ಹದ ಮಾಡಿ. ಸಾರಜನಕವೂ ಇರುವ ಡಿಎಪಿ ಗೊಬ್ಬರ ಬೇಡವೆನ್ನುವುದು ಸ್ಟೈಲೊ ಸಲುವಾಗಿ: ಮೊದಲ ತಿಂಗಳು ಸಾರಜನಕ ಜಾಸ್ತಿ ಸಿಕ್ಕರೆ ಹುಲ್ಲು ಎದ್ದು ಸ್ಟೈಲೊವನ್ನು ಮುಚ್ಚಿಬಿಡುತ್ತದೆ.

ರೋಡ್ಸ್ ಬೀಜ ಎಕರೆಗೆ 2 ಕೆಜಿ, ಸ್ಟೈಲೊ ಹಮಾಟ 2 ಕೆಜಿ. ಸ್ಟೈಲೊ ಬೀಜದ ಸಿಪ್ಪೆ ಗಟ್ಟಿ. ಹಾಗೇ ಹಾಕಿದರೆ ಹತ್ತಕ್ಕೆ ಎರಡು ಮೊಳೆತರೆ ಹೆಚ್ಚು. 80 ಡಿಗ್ರಿ ನೀರಿನಲ್ಲಿ ನಾಲ್ಕು ನಿಮಿಷ ಇಡಬೇಕು. ಥರ್ಮಾಮೀಟರ್ ಇಲ್ಲದವರು ಕುದಿಯುವ ನೀರು ಮೂರು ಚೊಂಬು, ತಣ್ಣೀರು ಒಂದು ಚೊಂಬು ಬೆರೆಸಿದರೆ ಅದು ಹತ್ತಿರ ಹತ್ತಿರ 80ಕ್ಕೆ ನಿಲ್ಲುತ್ತದೆ. ಬಟ್ಟೆಯಲ್ಲಿ ಗಂಟು ಕಟ್ಟಿ ಅದ್ದಿ, ಗಡಿಯಾರ ನೋಡಿ ತೆಗೆದು, ತಕ್ಷಣ ತಣ್ಣೀರಿಗೆ ಹಾಕಿ ನೆರಳಲ್ಲಿ ಆರಿಸಿ. ಆರಿದ ಮೇಲೆ ಅಲಸಂದೆಗೆ ಬಳಸುವ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಿ. ಮೊದಲು ಲೇಪಿಸಿ ಆಮೇಲೆ ಬಿಸಿನೀರಿಗೆ ಹಾಕಿದವರೂ ಇದ್ದಾರೆ, ಜೀವಾಣು ಬೆಂದುಹೋಗುತ್ತದೆ.

ರೋಡ್ಸ್ ಬೀಜ ಹತ್ತಿಯ ಎಳೆಯಂತೆ ಹಗುರ, ಗಾಳಿಗೆ ಹಾರುತ್ತದೆ. ಹತ್ತರಷ್ಟು ಒದ್ದೆ ಮರಳಿನಲ್ಲಿ ಬೆರೆಸಿ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ, ಅರ್ಧ ಅಡ್ಡ ಅರ್ಧ ಉದ್ದ ಎಂದು ಎರಡು ಸಲ ಚೆಲ್ಲಿ. ಮೇಲೆ ಮಣ್ಣು ಮುಚ್ಚಬಾರದು. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಮುಳ್ಳಿನ ಕೊಂಬೆ ಎಳೆದು, ಮರದ ದಿಂಡು ಉರುಳಿಸಿದರೆ ಸಾಕು. ಗಿನಿಗೆ ಬೀಜದ ಗೊಡವೆ ಬೇಡ. ಹೊಸ ಬೀಜ ಆರು ತಿಂಗಳು ಮಲಗಿರುತ್ತದೆ, ಹಳೆಯದು ಎಷ್ಟು ಹಳೆಯದೆಂದು ಮಾರುವವರು ಹೇಳುವುದಿಲ್ಲ. ಬೇರು ಸಹಿತ ಬುಡ ಸೀಳಿ ಒಂದೂವರೆ ಅಡಿ ಸಾಲಿನಲ್ಲಿ ಅಡಿಗೊಂದರಂತೆ ನಾಟಿ ಮಾಡಿ. ಗುಂಟೆಗೆ ಸುಮಾರು 750 ಬುಡ ಹಿಡಿಯುತ್ತದೆ.

ಮೊಳಕೆ ಬರುವವರೆಗೆ ತುಂತುರು ನೀರು, ಎರಡು ದಿನಕ್ಕೊಮ್ಮೆ. ಹಾಯಿ ನೀರು ಕೊಟ್ಟರೆ ಬೀಜವೆಲ್ಲ ತಾಕಿನ ತುದಿಗೆ ಹೋಗಿ ಗುಡ್ಡೆಯಾಗುತ್ತದೆ. ಮೂರನೇ ವಾರದಲ್ಲಿ ಕಳೆಯೇ ಹುಲ್ಲಿಗಿಂತ ಎತ್ತರವಿರುತ್ತದೆ, ಹೆದರಬೇಡಿ. ಪಾರ್ಥೇನಿಯಂ ಮಾತ್ರ ಹೂ ಬಿಡುವ ಮೊದಲು ಕೈಯಲ್ಲಿ ಕೀಳಿ. ಮಿಕ್ಕ ಕಳೆಯನ್ನು 45 ದಿನಕ್ಕೆ ಒಂದು ಗೇಣು ಎತ್ತರದಲ್ಲಿ ಸವರಿ ಹಾಕಿದರೆ ಹುಲ್ಲಿಗೆ ಬಿಸಿಲು ಸಿಗುತ್ತದೆ.

ಮೊದಲ ಮೇವು 90 ದಿನಕ್ಕೆ ಮುಂಚೆ ಬೇಡ. ಒಂದು ಹಿಡಿ ಹುಲ್ಲನ್ನು ಕುರಿ ಕೀಳುವ ಹಾಗೆ ಜಗ್ಗಿ ನೋಡಿ. ಗರಿ ಹರಿದು ಬಂದರೆ ಬಿಡಬಹುದು, ಬೇರು ಎದ್ದು ಬಂದರೆ ಇನ್ನೂ ಮೂರು ವಾರ. ಮೊದಲ ವರ್ಷ 30 ಕುರಿಯ ಜಾಗಕ್ಕೆ 15 ಮಾತ್ರ. ಕುರಿಯನ್ನು ಮೊದಲು ತಂದು ಹುಲ್ಲಿಗೆ ಕಾಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿಯ ತಪ್ಪು.

ಬೇಲಿ, ಓಣಿ, ನೀರು

ನಡುವೆ 10 ಅಡಿ ಓಣಿ, ಅದರ ಎರಡೂ ಪಕ್ಕ ಆರಾರು ತಾಕು, ಒಂದೊಂದು 65 ಅಡಿ ಅಗಲ 150 ಅಡಿ ಉದ್ದ. ಒಟ್ಟು 390 ಅಡಿಗೆ 310 ಅಡಿ. ನಿಮ್ಮ ಹೊಲ ಈ ಆಕಾರದಲ್ಲಿ ಇರುವುದಿಲ್ಲ; ತಾಕಿನ ಆಕಾರ ಹೇಗಾದರೂ ಇರಲಿ, ಪ್ರತಿ ತಾಕಿನ ಬಾಗಿಲೂ ಓಣಿಗೆ ತೆರೆಯಬೇಕು. ಒಂದು ತಾಕು ದಾಟಿ ಇನ್ನೊಂದಕ್ಕೆ ಹೋಗುವ ಏರ್ಪಾಡು ಮಾಡಿದರೆ ವಿಶ್ರಾಂತಿಯಲ್ಲಿರುವ ತಾಕನ್ನು ದಿನಕ್ಕೆರಡು ಸಲ ಮೇಯಿಸಿದಂತೆಯೇ.

ಹೊರಸುತ್ತಿಗೆ ಐದಡಿ ಚೈನ್‌ಲಿಂಕ್, ಹತ್ತಡಿಗೊಂದು ಕಲ್ಲುಕಂಬ, ಸುಮಾರು 140 ಕಂಬ. ಬುಡದಲ್ಲಿ ಜಾಲರಿಯನ್ನು ಅರ್ಧ ಅಡಿ ಮಣ್ಣಲ್ಲಿ ಹೂಳಿ, ಬೀದಿನಾಯಿ ನುಗ್ಗುವುದು ಕೆಳಗಿನಿಂದಲೇ. ಒಳಗಿನ ತಾಕುಗಳಿಗೆ ಶಾಶ್ವತ ಬೇಲಿಯ ಬದಲು ಕುರಿಯ ವಿದ್ಯುತ್ ಬಲೆ ಒಳ್ಳೆಯದು. ಒಂದು ತಾಕಿನ ಸುತ್ತಳತೆ 430 ಅಡಿ, ಅಂದರೆ 131 ಮೀಟರ್. 50 ಮೀಟರಿನ ಮೂರು ಬಲೆ. ಇಂದಿನ ತಾಕಿಗೆ ಮೂರು, ನಾಳೆಯದಕ್ಕೆ ಮೂರು, ಒಟ್ಟು ಆರು ಇದ್ದರೆ ಕೆಲಸ ಸಲೀಸು.

ಬಲೆ ಕೆಲಸ ಮಾಡುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರದು ಅರ್ಥಿಂಗ್ ತೊಂದರೆ. ಕುರಿ ಮುಟ್ಟಿದಾಗ ವಿದ್ಯುತ್ತು ಅದರ ಮೈಯಿಂದ ನೆಲಕ್ಕಿಳಿದು, ನೆಲದ ಮೂಲಕ, ಬಲೆಗೆ ವಿದ್ಯುತ್ ಕೊಡುವ ಯಂತ್ರಕ್ಕೆ ವಾಪಸು ಬರಬೇಕು. ಫೆಬ್ರವರಿಯ ಒಣ ಕೆಂಪು ಮಣ್ಣು ಆ ದಾರಿ ಕೊಡುವುದಿಲ್ಲ. ಆರಡಿ ಉದ್ದದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ರಾಡ್ ಮೂರನ್ನು ಹತ್ತಡಿ ಅಂತರದಲ್ಲಿ, ಸದಾ ತೇವವಿರುವ ನೀರಿನ ತೊಟ್ಟಿಯ ಪಕ್ಕ ಹೊಡೆಯಿರಿ. ತಂತಿಯಲ್ಲಿ 4,000 ವೋಲ್ಟ್ ಇದೆಯೇ ಎಂದು ದಿನಾ ಬೆಳಿಗ್ಗೆ ಟೆಸ್ಟರಿನಲ್ಲಿ ನೋಡಿ. ಅದಕ್ಕಿಂತ ಕಡಿಮೆಯಾದರೆ ಮೈ ಕೂದಲಿನಿಂದಾಗಿ ಕುರಿಗೆ ತಾಕುವುದಿಲ್ಲ. ಕೆಳಗಿನ ಎಳೆಗೆ ಹುಲ್ಲು ಒರಗಿದರೆ ವೋಲ್ಟೇಜ್ ಅಲ್ಲೇ ಸೋರುತ್ತದೆ, ಬಲೆ ಹಾಕುವ ಜಾಡನ್ನು ಮೊದಲು ಸವರಿಕೊಳ್ಳಿ. ಸೋಲಾರ್ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿಯುವಂಥದು, ಆದ್ದರಿಂದ ಮುಟ್ಟಿದವರು ಬೆಚ್ಚುತ್ತಾರೆ, ಸಾಯುವುದಿಲ್ಲ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಕೊಲೆಗೆ ಸಮ, ಅಪರಾಧ ಕೂಡ. ಹೊಸ ಕುರಿಗಳಿಗೆ ಎರಡು ದಿನ ಚೈನ್‌ಲಿಂಕ್‌ನ ಒಳಗೊಂದು ಬಲೆ ಕಟ್ಟಿ ಪಾಠವಾಗಲಿ. ಮೂಗು ತಾಗಿದ ಕುರಿ ಹಿಂದಕ್ಕೆ ಹಾರುತ್ತದೆ. ಪಾಠವಿಲ್ಲದ ಕುರಿ ಮುಂದಕ್ಕೆ ಹಾರಿ ಬಲೆಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ಮರಿಗಳಿರುವ ತಿಂಗಳು ಬಲೆಯ ಕಡೆ ಗಂಟೆಗೊಮ್ಮೆ ಕಣ್ಣು ಹಾಯಿಸಬೇಕು.

ರಾತ್ರಿ ಮಂದೆ ಬಯಲಲ್ಲಿರಬಾರದು. ಕಬ್ಬಿನ ಗದ್ದೆಗಳ ನಡುವೆ ಚಿರತೆ ಸೇರಿಕೊಂಡಿರುವ ಈ ಸೀಮೆಯಲ್ಲಿ ಐದಡಿ ಜಾಲರಿ ಅದಕ್ಕೆ ಲೆಕ್ಕವಲ್ಲ. 30 ಕುರಿ, ಅವುಗಳ ಮರಿಗೆ 500 ಚದರಡಿಯ ಕೊಟ್ಟಿಗೆ, ನಾಲ್ಕೂ ಕಡೆ ವೆಲ್ಡ್‌ಮೆಶ್, ಗೋಡೆಗೂ ಸೂರಿಗೂ ನಡುವೆ ಸಂದಿಲ್ಲದಂತೆ. ಇದರಿಂದ ಅರ್ಧ ಹಿಕ್ಕೆ ಕೊಟ್ಟಿಗೆಯಲ್ಲೇ ಬೀಳುತ್ತದೆ. ಹಿಂದೆ ದುಡ್ಡು ಕೊಟ್ಟು, ಕಾಳು ಕೊಟ್ಟು ಹೊಲದಲ್ಲಿ ಕುರಿ ಮಂದೆ ಕಟ್ಟಿಸುತ್ತಿದ್ದುದು ಈ ಗೊಬ್ಬರಕ್ಕಾಗಿಯೇ ಅಲ್ಲವೇ. ತರಗಿನ ಜತೆ ತಿಪ್ಪೆಯಲ್ಲಿ ಬಿಸಿಯೇರಿಸಿ ಕೊಳೆಸಿದ ಮೇಲೆ ತಾಕುಗಳಿಗೆ ಹಿಂತಿರುಗಿಸಿ. ಹಸಿಯಾಗಿ ಎರಚಿದರೆ ಹುಳುವಿನ ಮೊಟ್ಟೆಯನ್ನು ನೀವೇ ಬಿತ್ತಿದಂತೆ.

ನೀರು ತಲೆಗೆ 5 ಲೀಟರಿನಂತೆ ದಿನಕ್ಕೆ 150 ಲೀಟರ್. ಓಣಿಯುದ್ದಕ್ಕೆ ಮುಕ್ಕಾಲು ಇಂಚಿನ ಪೈಪು, ಎರಡು ತಾಕಿಗೊಂದು ನಲ್ಲಿ, ಉದ್ದಕ್ಕೆ ಸೀಳಿದ ಡ್ರಮ್ ತೊಟ್ಟಿ. ತೊಟ್ಟಿ ಮಂದೆಯ ಜತೆ ಸಾಗಬೇಕು, ಇಲ್ಲದಿದ್ದರೆ ಕೆಸರು ಅಲ್ಲೇ ನಿಲ್ಲುತ್ತದೆ. ನಾಲೆ, ಬಸಿಗಾಲುವೆಯ ನೀರು ಕುಡಿಸಬೇಡಿ, ಬಸವನಹುಳುವಿನಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳು ಬರುವುದು ಅದರ ದಂಡೆಯ ಹುಲ್ಲಿನಿಂದಲೇ.

ಮೇಯಿಸುವುದು

ರೋಡ್ಸ್ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಬೆಳೆದಾಗ ಒಳಗೆ ಬಿಡಿ, 10 ಸೆಂ.ಮೀ. ಉಳಿದಾಗ ಹೊರಗೆ ತನ್ನಿ. ಗಿನಿಯನ್ನು ಮೊಣಕಾಲೆತ್ತರಕ್ಕೆ ಬಿಟ್ಟು ಮುಕ್ಕಾಲು ಗೇಣಿಗೆ ನಿಲ್ಲಿಸಿ. ಮೂರು ದಿನ ತುಂಬದಿದ್ದರೂ ಈ ಎತ್ತರಕ್ಕೆ ಬಂತೆಂದರೆ ಎಬ್ಬಿಸಿಕೊಂಡು ಹೋಗಬೇಕು. ಅದಕ್ಕಿಂತ ಕೆಳಗಿನ ಹುಲ್ಲಿನಲ್ಲಿ ಹುಳು ಜಾಸ್ತಿ, ಮೇವು ಕಮ್ಮಿ. ಮೂರು ದಿನದ ಮೇಲೂ ಹುಲ್ಲು ಉಳಿದಿದ್ದರೂ ಎಬ್ಬಿಸಲೇಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ಹುಲ್ಲು ಕಣ್ಣೆದುರಿಗೆ ನಿಂತಿರುವಾಗ ಕುರಿಯನ್ನು ಹೊರಗೆಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಉಳಿದ ಹುಲ್ಲನ್ನು ಒಂದು ಹಳ್ಳಿಕಾರ್ ಪಡ್ಡೆಗೆ ಬಿಟ್ಟುಕೊಡಿ. ಕುರಿಯ ಹುಳು ದನದ ಹೊಟ್ಟೆಯಲ್ಲಿ ಬಹುಪಾಲು ಬದುಕುವುದಿಲ್ಲವಾದ್ದರಿಂದ ತಾಕೂ ಚೊಕ್ಕಟವಾಗುತ್ತದೆ.

ಬೆಳಿಗ್ಗೆ ಬಿಡುವುದು ಇಬ್ಬನಿ ಆರಿದ ಮೇಲೆ, ಒಂಬತ್ತೂವರೆಗೆ. ಗರಿ ಒಣಗಿದರೆ ಮರಿಹುಳು ಬುಡಕ್ಕಿಳಿದಿರುತ್ತದೆ. ಅದಕ್ಕೆ ಮುಂಚೆ ಕೊಟ್ಟಿಗೆಯಲ್ಲಿ ಒಂದೊಂದು ಹಿಡಿ ರಾಗಿ ಹುಲ್ಲು ಬಿದ್ದರೆ, ಹಸಿದ ಹೊಟ್ಟೆಯಲ್ಲಿ ಎಳೆ ಹುಲ್ಲನ್ನು ಗಬಗಬನೆ ತಿಂದು ಉಬ್ಬರಿಸಿಕೊಳ್ಳುವುದೂ ತಪ್ಪುತ್ತದೆ. ಬಯಲು ಮೇವಿನಿಂದ ಬಂದ ಕುರಿಯನ್ನು ಈ ಹುಲ್ಲಿಗೆ ಮೊದಲ ದಿನ ಒಂದು ಗಂಟೆ, ಹತ್ತು ದಿನದಲ್ಲಿ ಪೂರ್ತಿ ಎಂಬಂತೆ ಏರಿಸಿ. ಕರುಳು ಬೇನೆ ಹೊಡೆಯುವುದು ಇಂಥ ದಿಢೀರ್ ಬದಲಾವಣೆಯಲ್ಲೇ, ಅದೂ ಮಂದೆಯ ಗಟ್ಟಿಮುಟ್ಟಾದ ಮರಿಗೆ. ಅದರ ಲಸಿಕೆ ಮೇ ತಿಂಗಳೊಳಗೆ ಮುಗಿದಿರಬೇಕು. ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್), ನೀಲಿ ನಾಲಿಗೆ, ಕಾಲುಬಾಯಿ ಜ್ವರದ ಲಸಿಕೆಗೆ ಪಶು ಆಸ್ಪತ್ರೆಯ ವೇಳಾಪಟ್ಟಿ ಹಿಡಿಯಿರಿ.

ಮಂದೆ ಹೊರಟ ದಿನವೇ ಆ ತಾಕಿಗೆ ನೀರು. ಎರಡು ಸುತ್ತಿಗೊಮ್ಮೆ ಎಕರೆಗೆ 20 ಕೆಜಿಯಂತೆ, ಅಂದರೆ ತಾಕಿಗೆ ನಾಲ್ಕೂವರೆ ಕೆಜಿ ಯೂರಿಯಾ, ಅದೂ ನೀರಿನ ಜತೆ ಆಗಲೇ. ತಡವಾಗಿ ಕೊಟ್ಟರೆ ಮಂದೆ ಬರುವ ಹೊತ್ತಿಗೆ ಹುಲ್ಲಿನಲ್ಲಿ ಕುರಿಗೆ ವಿಷವಾಗುವ ನೈಟ್ರೇಟ್ ತುಂಬಿರುತ್ತದೆ. ಮಂದೆ ಬರುವ ಮೂರು ದಿನ ಮುಂಚೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಗೊರಸು ನೆಲವನ್ನು ಕಲಸಿಬಿಡುತ್ತದೆ.

ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಪ್ರತಿ ಕುರಿಯ ಕೆಳರೆಪ್ಪೆ ಬಿಡಿಸಿ ನೋಡಿ. ಕೆಂಪಿದ್ದರೆ ಬಿಡಿ. ತೆಳು ಗುಲಾಬಿ, ಬಿಳುಪು ಇದ್ದವಕ್ಕೆ ಮಾತ್ರ ತೂಕ ನೋಡಿ ಜಂತುನಾಶಕ ಕುಡಿಸಿ. ಇಡೀ ಮಂದೆಗೆ ಕುಡಿಸಿ ಹೊಸ ತಾಕಿಗೆ ಹೊಡೆದರೆ, ಔಷಧಿಗೆ ಬಗ್ಗದ ಹುಳುವಿನ ಸಂತತಿ ಮಾತ್ರ ಅಲ್ಲಿ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ಆ ಔಷಧಿ ನಿಮ್ಮ ಹೊಲದಲ್ಲಿ ನೀರಿಗೆ ಸಮ. ಪದೇಪದೇ ಬಿಳಿಚುವ ಕುರಿಯನ್ನು ಮಾರಿಬಿಡಿ, ಅದರ ಮರಿಯನ್ನು ತಳಿಗೆ ಇಡಬೇಡಿ. ದನದ ಖನಿಜ ಮಿಶ್ರಣ ಕುರಿಗೆ ಹಾಕಬೇಡಿ, ಅದರಲ್ಲಿರುವ ತಾಮ್ರ ಕುರಿಯ ಯಕೃತ್ತಿನಲ್ಲಿ ಸೇರಿಕೊಂಡು ಒಂದು ದಿನ ಕೆಂಪು ಮೂತ್ರ ಬಂದು ಕೊಲ್ಲುತ್ತದೆ.

ಹೊಸತೊಡಕಿನ ಲೆಕ್ಕ

ಹುಲ್ಲು ಮುಗಿಲು ಮುಟ್ಟುವುದು ಸೆಪ್ಟೆಂಬರಿನಿಂದ ನವೆಂಬರ್. ನಾಲೆ ನಿಂತು ಹುಲ್ಲು ಕುಗ್ಗುವುದು ಫೆಬ್ರವರಿಯಿಂದ ಮೇ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಈ ಸೀಮೆಯಲ್ಲಿ ಬನ್ನೂರು ಮರಿಗೆ ಇರುವ ಬೇಡಿಕೆ ವಿವರಿಸಬೇಕಾಗಿಲ್ಲ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಬಹುದು. ಟಗರನ್ನು ವರ್ಷವಿಡೀ ಮಂದೆಯಲ್ಲಿ ಬಿಡದೆ, ಏಪ್ರಿಲ್ ಮಧ್ಯದಿಂದ 45 ದಿನ ಮಾತ್ರ ಸೇರಿಸಿ. ಕುರಿಯ ಗಬ್ಬ ಐದು ತಿಂಗಳು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯೊಳಗೆ ಮರಿ ಬೀಳುತ್ತದೆ. ತಾಯಿಗೆ ಹಾಲು ಬೇಕಾದಾಗ ಹುಲ್ಲು ತುಂಬಿರುತ್ತದೆ, ಹೊಸತೊಡಕಿನ ಹೊತ್ತಿಗೆ ಮರಿ ಐದಾರು ತಿಂಗಳಿನದಾಗಿರುತ್ತದೆ, ಮಾರಿದ ಮೇಲೆ ಬೇಸಿಗೆಯ ತೆಳ್ಳನೆ ಹುಲ್ಲಿಗೆ ತಾಯಿಗಳು ಮಾತ್ರ ಉಳಿಯುತ್ತವೆ. ಏಪ್ರಿಲ್‌ನಲ್ಲಿ ಕುರಿ ಬಡವಾಗಿರುವುದರಿಂದ, ಟಗರು ಬಿಡುವ ಎರಡು ವಾರ ಮುಂಚಿನಿಂದ ತಲೆಗೆ 200 ಗ್ರಾಂ ಮುಸುಕಿನ ಜೋಳದ ನುಚ್ಚು, ಹಿಂಡಿ ಕೊಡಬೇಕು. ಇಲ್ಲದಿದ್ದರೆ ಅರ್ಧ ಕುರಿ ಬೆದೆಗೇ ಬರುವುದಿಲ್ಲ. ಮಳೆಗಾಲದ ಮರಿಗೆ ನ್ಯುಮೋನಿಯಾದ ಭಯ ಇದ್ದೇ ಇದೆ, ಕೊಟ್ಟಿಗೆಯ ನೆಲ ಒಣಗಿರಲಿ.

ಮರಿ ಮೂರು ತಿಂಗಳಾದಾಗ ಬಲೆಯಲ್ಲಿ ಮರಿ ಮಾತ್ರ ನುಸುಳುವಷ್ಟು ಗಂಡಿ ಬಿಟ್ಟು, ಮುಂದಿನ ತಾಕಿನ ಹೊಸ ಹುಲ್ಲನ್ನು ಮೊದಲು ಅವು ಮೇಯಲಿ. ಆ ಕಡೆ ಗಂಡಿಯಿರುವ ತಂತಿಗೆ ಕರೆಂಟ್ ಇರಬಾರದು.

ಬೇಸಿಗೆಗೆ ಸುತ್ತನ್ನು 36ರಿಂದ 50-60 ದಿನಕ್ಕೆ ಹಿಗ್ಗಿಸಬೇಕು. ಹಿಗ್ಗಿಸುವುದೆಂದರೆ ಒಂದು ತಾಕಿನಲ್ಲಿ ಐದು ದಿನ ಇಡುವುದಲ್ಲ, ಮೇಯುವ ಹೊತ್ತನ್ನು ಅರ್ಧಕ್ಕಿಳಿಸಿ ಮಿಕ್ಕಿದ್ದನ್ನು ಕೊಟ್ಟಿಗೆಯಲ್ಲಿ ತುಂಬಿಸುವುದು, ಸುತ್ತು ಮುಗಿದ ಮೇಲೆ ಎರಡು ಮೂರು ವಾರ ಮಂದೆಯನ್ನು ಒಳಗೇ ಇಡುವುದು. ಇದಕ್ಕೆ ಅಕ್ಟೋಬರ್, ನವೆಂಬರಿನಲ್ಲಿ ಮಂದೆಗೆ ಮೀರಿ ಬೆಳೆದ ಮೂರು ತಾಕನ್ನು ಹೂ ತೆಗೆಯುವ ಮೊದಲೇ ಕೊಯ್ದು ಒಣಗಿಸಿಡಿ. ತಲೆಗೆ ಅರ್ಧ ಕೆಜಿಯಂತೆ ನೂರು ದಿನಕ್ಕೆ ಒಂದೂವರೆ ಟನ್ ಒಣ ಮೇವು ಬೇಕು. ಕಮ್ಮಿ ಬಿದ್ದರೆ ರಾಗಿ ಹುಲ್ಲನ್ನು ಬೆಲೆ ಏರುವ ಮೊದಲೇ ಕೊಂಡಿಡಿ. ಹೊರಬೇಲಿಗೆ ಮೂರಡಿಗೊಂದು ಅಗಸೆ, ಸುಬಾಬುಲ್, ಗೊಬ್ಬರದ ಗಿಡ ಬೆರೆಸಿ ನೆಟ್ಟಿದ್ದರೆ ಎರಡನೇ ವರ್ಷದಿಂದ ಹಸಿ ಸೊಪ್ಪು ಸಿಗುತ್ತದೆ. ಸುಬಾಬುಲ್ ಮೇವಿನ ಮೂರನೇ ಒಂದು ಭಾಗ ದಾಟಿದರೆ ಅದರಲ್ಲಿರುವ ಮೈಮೋಸಿನ್ ಎಂಬ ವಿಷದಿಂದ ಕೂದಲು ಉದುರುತ್ತದೆ.

ಎರಡು ವರ್ಷ ಕಳೆದ ಮೇಲೆ ಸ್ಟೈಲೊ ತೆಳ್ಳಗಾಗುವುದು ಸಹಜ. ಮತ್ತೆ ಬೀಜ ಕೊಳ್ಳಬೇಕಾಗಿಲ್ಲ. ಪ್ರತಿ ನವೆಂಬರಿನಲ್ಲಿ ಎರಡು ತಾಕನ್ನು, ವರ್ಷಕ್ಕೆ ಬೇರೆ ಬೇರೆ ಎರಡನ್ನು, ಒಂದು ಸುತ್ತು ಮೇಯಿಸದೆ ಬಿಟ್ಟು ಸ್ಟೈಲೊ ಬೀಜ ಕಟ್ಟಿ ಉದುರಲು ಬಿಡಿ. ಆಮೇಲೆ ಮಂದೆ ಬಿಟ್ಟರೆ ಗೊರಸಿನ ತುಳಿತಕ್ಕೆ ಅದು ಮಣ್ಣು ಸೇರುತ್ತದೆ, ಏಪ್ರಿಲ್‌ನ ಮೊದಲ ಮಳೆಗೆ ಮೊಳೆಯುತ್ತದೆ.